ಕಾಲೇಜಿನ ಆಟಗಾರನ ಅರ್ಹತೆ



ಕಾಲೇಜುಗಳ ನಡುವಣ ಪಂದ್ಯಗಳಲ್ಲಿ ಗೆದ್ದ ತಂಡದ ಮೇಲೆ ಸೋತವರು ದೂರು ಕೊಡುವುದು ಅಪರೂಪದ ಸಂಗತಿಯೇನೂ ಅಲ್ಲ. ಗೆದ್ದವರಿಗೆ ಆಟ ಬರುವುದಿಲ್ಲವೆಂದು ಯಾರೂ ದೂರುವುದಿಲ್ಲ. ದೂರು ಬೇರೆ ಬಗೆಯದು. ಅವರಲ್ಲಿ ಒಬ್ಬ ವಿದ್ಯಾರ್ಥಿಯೇ ಅಲ್ಲ. ಇನ್ನೊಬ್ಬನಿಗೆ ವಯಸ್ಸು ಮೀರಿದೆ. ಮತ್ತೊಬ್ಬನನ್ನು ಏನೇನೋ ಆಸೆ ತೋರಿಸಿ ಬೇರೆ ಕಾಲೇಜಿನಿಂದ ಸೆಳೆದು ತಂದಿದ್ದಾರೆ, ಎಂಬುದಾಗಿ. ಇಂಥ ದೂರುಗಳ ಹಿಂದೆ ಎರಡು ಪ್ರಶ್ನೆಗಳು ಅಡಗಿವೆ. ಕಾಲೇಜಿನ ಹೆಸರಿನಲ್ಲಿ ಆಡತಕ್ಕವನು ಯಾರು? ಹಾಗೆ ಆಡುವವನು ಯಾರಿಂದ ಏನನ್ನು ಪಡೆಯಬಹುದು, ಏನನ್ನು ಪಡೆಯಬಾರದು? ಈ ಎರಡು ಪ್ರಶ್ನೆಗಳನ್ನು ಕುರಿತು ನಾಲ್ಕು ಮಾತು ಹೇಳುವುದು ಈ ಭಾಷಣದ ಉದ್ದೇಶ.

ಮೊದಲನೆಯ ಪ್ರಶ್ನೆಗೆ ನಮ್ಮ ದೇಶದಲ್ಲಿ ಉತ್ತರ ಕೊಡತಕ್ಕ ಸಂಸ್ಥೆ ಭಾರತೀಯ ವಿಶ್ವವಿದ್ಯಾಲಯಗಳ ಸಂಘ. 1925ರಲ್ಲಿ ಅಂತರ ವಿಶ್ವವಿದ್ಯಾಲಯ ಮಂಡಲಿ ಎಂಬ ಹೆಸರಿನಿಂದ ಹುಟ್ಟಿದ ಇದಕ್ಕೆ ಈಗಿನ ಹೆಸರು ಬಂದುದು 1973ರಲ್ಲಿ. ವಿಶ್ವವಿದ್ಯಾಲಯಗಳ ನಡುವೆ ರೋಹಿಂಟನ್ ಬಾರಿಯಾ ಪಾರಿತೋಷಕಕ್ಕಾಗಿ ಕ್ರಿಕೆಟ್ ಪಂದ್ಯಗಳು 1935ರಲ್ಲಿ ಪ್ರಾರಂಭವಾದುವು. ಅಲ್ಲಿಂದ ಮುಂದೆ ಒಂದೊಂದಾಗಿ ಹಲವು ಆಟಗಳು ಸೇರಿಕೊಂಡುವು. ಸಂಘದ ನಿಯಮಗಳ ಸಾರಾಂಶ ಹೀಗಿದೆ: ಆಟಗಾರನು ಪೂರ್ಣಕಾಲದ ವಿದ್ಯಾರ್ಥಿಯಾಗಿ ಕ್ರಮಬದ್ಧವಾಗಿ ದಾಖಲಾಗಿರಬೇಕು, ಅವನಿಗೆ 17 ವರ್ಷ ತುಂಬಿರಬೇಕು, 25 ಮೀರಿರಬಾರದು, ಹನ್ನೆರಡನೆಯ ತರಗತಿಯಲ್ಲಿ ತೇರ್ಗಡೆಯಾದಂದಿನಿಂದ 8 ವರ್ಷಗಳ ಒಳಗಾಗಿ ಮಾತ್ರ ಅವನು ಆಡಬಹುದು, ಪೂರ್ಣಕಾಲದ ನೌಕರಿಯಲ್ಲಿ ಇರುವವನು ಆಡಕೂಡದು.

ಈ ಕಟ್ಟುಗಳಿಗೆಲ್ಲ ಕಾರಣವುಂಟು. ವಯಸ್ಸಿನ ಮಿತಿ ಇಲ್ಲದಿದ್ದರೆ ಮೂವತ್ತು ವರ್ಷದ ಪಳಗಿದ ಆಳು ಹದಿನೆಂಟರ ಹುಡುಗನ ಎದುರಿಗೆ ನಿಲ್ಲುತ್ತಾನೆ. ವರ್ಷಗಳ ಮಿತಿ ಇಲ್ಲದಿದ್ದರೆ ಆಟಕ್ಕಾಗಿಯೇ ಒಂದು ಪದವಿಯ ಮೇಲೆ ಇನ್ನೊಂದು ಪದವಿಗೆ ಹೆಸರು ಬರೆಯಿಸಿಕೊಂಡು ಕಾಲೇಜಿನಲ್ಲಿಯೇ ಮುಪ್ಪಾಗತಕ್ಕವರು ಹುಟ್ಟಿಕೊಳ್ಳುತ್ತಾರೆ. ಆದುದರಿಂದ ಈ ನಿಯಮಗಳು ಒಳ್ಳೆಯವೇ. ಆದರೆ ಇವು ಮನುಷ್ಯರು ಎಳೆದ ಗೆರೆಗಳು ಎಂಬುದನ್ನು ನಾವು ಮರೆಯಬಾರದು. ಗೆರೆಗೆ ಒಂದು ಉದ್ದೇಶವಿರುತ್ತದೆ. ಉದ್ದೇಶ ತಪ್ಪಿದರೆ ಗೆರೆ ಬರಿಯ ಗೆರೆ.

ನಮ್ಮ ತೆಂಕಣ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಯಳಂದೂರು ತಾಲ್ಲೂಕಿನ ಹೊನ್ನೂರನ್ನು ತೆಗೆದುಕೊಳ್ಳಿ. ಯಳಂದೂರು ದಿವಾನ್ ಪೂರ್ಣಯ್ಯನವರ ಮನೆತನದ ಜಹಗೀರಾಗಿ ಮೈಸೂರಿಗೆ ಸೇರಿದ್ದ ಸೀಮೆ. ಅದರ ಮಗ್ಗುಲಿನ ಕೊಳ್ಳೇಗಾಲವಾದರೋ 1956ರ ನವೆಂಬರ್ 1ರವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಒಂದೇ ಭಾಷೆ, ಒಂದೇ ಬೆಳೆ, ಒಂದೇ ಸಂತೆ; ಆದರೂ ಒಬ್ಬ ಹುಡುಗ ಮೈಸೂರಿನವನು, ಕೆಲವು ಮೈಲಿ ಆಚೆಯವನು ಹೊರಸೀಮೆಯವನು. ಆಮೇಲೆ ಎರಡೂ ಮೈಸೂರು ಜಿಲ್ಲೆಯಲ್ಲಿ ಕೂಡಿದುವು. 1997ರಲ್ಲಿ ಚಾಮರಾಜನಗರ ಬೇರೆ ಜಿಲ್ಲೆಯಾಯಿತು. 2023ರಲ್ಲಿ ಚಾಮರಾಜನಗರಕ್ಕೆ ಬೇರೆ ವಿಶ್ವವಿದ್ಯಾಲಯವೂ ಬಂದಿತು. ಹೊನ್ನೂರು ಇದ್ದಲ್ಲಿಯೇ ಇದೆ. ಅಲ್ಲಿಯ ಹುಡುಗ ಯಾರ ಕಡೆಯ ಆಟಗಾರ ಎಂಬುದು ಮಾತ್ರ ಕಾಗದದ ಮೇಲೆ ಬದಲಾಗುತ್ತ ಬಂದಿದೆ. ಗೆರೆಗಳು ಬೇಡವೆಂದು ನಾನು ಹೇಳುತ್ತಿಲ್ಲ. ಗೆರೆಯ ಎರಡೂ ಕಡೆ ಇರತಕ್ಕವನು ವಿದ್ಯಾರ್ಥಿ. ಅವನ ಹಿತವೇ ಗೆರೆಯ ಅಳತೆಗೋಲು ಎಂಬುದಷ್ಟೇ ನನ್ನ ಅಭಿಪ್ರಾಯ.

ಈಗ ಎರಡನೆಯ ಪ್ರಶ್ನೆಗೆ ಬರೋಣ. ಆಟಗಾರನಾದ ವಿದ್ಯಾರ್ಥಿ ಏನನ್ನು ಪಡೆಯಬಹುದು? ನಮ್ಮಲ್ಲಿ ಈ ವಿಷಯದ ವಿಚಾರ ಕಡಮೆ. ಪಾಶ್ಚಾತ್ಯರಲ್ಲಿ ಬಹುಕಾಲ ಇದಕ್ಕೆ ಒಂದೇ ಉತ್ತರವಿತ್ತು: ಏನನ್ನೂ ಪಡೆಯಬಾರದು. ಆಟವನ್ನು ಪ್ರೀತಿಗಾಗಿ ಆಡಬೇಕು. ಹಣ ಮುಟ್ಟಿದವನು ಕೆಟ್ಟ. ಕೇಳುವುದಕ್ಕೆ ಇದು ಬಹಳ ಉನ್ನತವಾದ ಮಾತು. ಆದರೆ ಇದರ ಹುಟ್ಟನ್ನು ವಿಚಾರಿಸಿದರೆ ಅಷ್ಟು ಉನ್ನತವಾದ ಸಂಗತಿ ತೋರುವುದಿಲ್ಲ. ಇಂಗ್ಲೆಂಡಿನ ಹೆನ್ಲೆಯಲ್ಲಿ ನಡೆಯುವ ದೋಣಿಯ ಪಂದ್ಯಗಳಿಗೆ 1879ರಲ್ಲಿ ಮಾಡಿದ ನಿಯಮದ ಪ್ರಕಾರ, ಕೂಲಿಗಾಗಿ ಕೈಕೆಲಸ ಮಾಡುವ ಕುಶಲಕರ್ಮಿಯೂ ಕೂಲಿಕಾರನೂ ಹವ್ಯಾಸಿ ಎನಿಸಿಕೊಳ್ಳುವಂತಿರಲಿಲ್ಲ. ಅವನು ಆಟದಿಂದ ಒಂದು ಕಾಸನ್ನೂ ಪಡೆಯದಿದ್ದರೂ ಸರಿಯೆ, ಬೆವರು ಸುರಿಸಿ ಉಣ್ಣುವವನು ಎಂಬುದೇ ಅವನ ಅನರ್ಹತೆಯಾಗಿತ್ತು. 1920ರಲ್ಲಿ ಅಮೆರಿಕದ ಜಾನ್ ಕೆಲಿ ಎಂಬ ಹುಟ್ಟುಗಾರನನ್ನು ಹೆನ್ಲೆಯವರು ಸೇರಿಸಲಿಲ್ಲ. ಅವನು ಹಿಂದೆ ಇಟ್ಟಿಗೆಯ ಗಾರೆಕೆಲಸ ಮಾಡಿದ್ದವನೆಂಬುದು ಕಾರಣಗಳಲ್ಲಿ ಒಂದು. ಅದೇ ವರ್ಷ ಆಂಟ್‌ವರ್ಪಿನ ಒಲಿಂಪಿಕ್ ಪಂದ್ಯದಲ್ಲಿ ಅವನು ಚಿನ್ನದ ಪದಕವನ್ನು ಗೆದ್ದ. ಹೆನ್ಲೆಯ ನಿಯಮ 1937ರಲ್ಲಿ ಬಿದ್ದುಹೋಯಿತು. ಹತ್ತು ವರ್ಷದ ಮೇಲೆ, 1947ರಲ್ಲಿ, ಅವನ ಮಗ ಅದೇ ಹೆನ್ಲೆಯಲ್ಲಿ ಗೆದ್ದ.

ಇನ್ನೊಂದು ಪ್ರಸಿದ್ಧವಾದ ಪ್ರಕರಣ ಜಿಮ್ ಥಾರ್ಪನದು. ಅಮೆರಿಕದ ಮೂಲನಿವಾಸಿಗಳ ವಂಶದವನಾದ ಈತ 1912ರ ಸ್ಟಾಕ್‌ಹೋಮ್ ಒಲಿಂಪಿಕ್ ಕ್ರೀಡೆಗಳಲ್ಲಿ ಎರಡು ಚಿನ್ನದ ಪದಕಗಳನ್ನು ಪಡೆದ. ಅದಕ್ಕೆ ಮುಂಚೆ, ಕಾಲೇಜಿನ ರಜದ ದಿನಗಳಲ್ಲಿ, ಅಲ್ಪ ಸಂಬಳಕ್ಕೆ ಬೇಸ್‌ಬಾಲ್ ಆಡಿದ್ದನೆಂದು ತಿಳಿದು 1913ರಲ್ಲಿ ಆ ಪದಕಗಳನ್ನು ಹಿಂದಕ್ಕೆ ಕಿತ್ತುಕೊಂಡರು. ಬೇರೆ ಕಾಲೇಜುಗಳ ಹುಡುಗರೂ ಹಾಗೆ ಆಡುತ್ತಿದ್ದರು; ಬೇರೆ ಹೆಸರು ಇಟ್ಟುಕೊಂಡು ಆಡುವ ಜಾಣತನ ಅವರಿಗಿತ್ತು. ಥಾರ್ಪ್ ತನ್ನ ಹೆಸರಿನಲ್ಲಿಯೇ ಆಡಿದ್ದ. ಅವನು 1953ರಲ್ಲಿ ತೀರಿಕೊಂಡ. ಪದಕಗಳ ಪ್ರತಿಗಳನ್ನು ಅವನ ಮಕ್ಕಳಿಗೆ ಕೊಟ್ಟುದು 1983ರಲ್ಲಿ. ಅವನೊಬ್ಬನೇ ಆ ಸ್ಪರ್ಧೆಗಳ ವಿಜೇತನೆಂದು ಒಪ್ಪಿದ್ದು 2022ರಲ್ಲಿ. ನಿಯಮವು ಪ್ರಾಮಾಣಿಕನನ್ನು ಹಿಡಿಯಿತು, ಜಾಣರನ್ನು ಬಿಟ್ಟಿತು.

ಅಮೆರಿಕದ ಕಾಲೇಜುಗಳ ಚರಿತ್ರೆ ಈ ವಿಷಯದಲ್ಲಿ ನಮಗೆ ಒಂದು ಪಾಠಶಾಲೆಯಂತಿದೆ. ಆ ದೇಶದಲ್ಲಿ ಕಾಲೇಜುಗಳ ನಡುವೆ ನಡೆದ ಮೊತ್ತಮೊದಲನೆಯ ಪಂದ್ಯ 1852ರಲ್ಲಿ ಹಾರ್ವರ್ಡಿಗೂ ಯೇಲಿಗೂ ನಡೆದ ದೋಣಿಯ ಪಂದ್ಯ. ಹುಡುಗರ ಪ್ರಯಾಣ ಮತ್ತು ವಸತಿಯ ವೆಚ್ಚವನ್ನು ಕೊಟ್ಟುದು ಒಂದು ರೈಲ್ವೆ ಕಂಪನಿ. ಪಂದ್ಯ ನೋಡಲು ಜನ ರೈಲು ಹತ್ತಲಿ ಎಂಬುದು ಕಂಪನಿಯ ಲೆಕ್ಕ. ಹೀಗೆ ಮೊದಲನೆಯ ದಿವಸವೇ ಮೈದಾನದೊಳಕ್ಕೆ ಬಂದ ಹಣವನ್ನು ಹೊರಗಿಡಲು ಆಮೇಲೆ ನೂರಾರು ನಿಯಮಗಳನ್ನು ಮಾಡಿದರು. ಅವನ್ನು ನಡೆಸಲು 1906ರಲ್ಲಿ ಒಂದು ರಾಷ್ಟ್ರೀಯ ಸಂಘವನ್ನೂ ಕಟ್ಟಿದರು. 1929ರಲ್ಲಿ ಕಾರ್ನೆಗಿ ಪ್ರತಿಷ್ಠಾನದವರು 130 ಸಂಸ್ಥೆಗಳನ್ನು ನೋಡಿ ಒಂದು ವರದಿಯನ್ನು ಪ್ರಕಟಿಸಿದರು. ಆಟಗಾರರಿಗೆ ಗುಟ್ಟಾಗಿ ಹಣ, ನೆಪದ ಕೆಲಸ, ಊಟ, ವಸತಿ ಒದಗಿಸುತ್ತಿದ್ದ ಕಾಲೇಜುಗಳೇ ಹೆಚ್ಚಿನವು ಎಂದು ಆ ವರದಿಯಿಂದ ತಿಳಿದುಬಂದಿತು.

ಮುಂದಿನ ಕಥೆಯೂ ಹಾಗೆಯೇ. 1955ರಲ್ಲಿ ಒಬ್ಬ ಕಾಲೇಜು ಆಟಗಾರ ಫುಟ್‌ಬಾಲ್ ಪಂದ್ಯದಲ್ಲಿ ತಲೆಗೆ ಪೆಟ್ಟು ಬಿದ್ದು ಸತ್ತ. ಅವನ ಹೆಂಡತಿ ಕೆಲಸಗಾರರ ಪರಿಹಾರವನ್ನು ಕೇಳಿದಳು. ಅವನು ಕಾಲೇಜಿನ ಕೆಲಸಗಾರನಲ್ಲವೆಂದು 1957ರಲ್ಲಿ ಕೊಲೊರಾಡೊ ಸಂಸ್ಥಾನದ ಉಚ್ಚ ನ್ಯಾಯಸ್ಥಾನವು ತೀರ್ಪು ಕೊಟ್ಟಿತು. ಆ ಕಾಲದಲ್ಲಿಯೇ ರಾಷ್ಟ್ರೀಯ ಸಂಘದವರು ‘ವಿದ್ಯಾರ್ಥಿ-ಆಟಗಾರ’ ಎಂಬ ಜೋಡುಪದವನ್ನು ಬಳಕೆಗೆ ತಂದರು. ಇಂಥ ಪರಿಹಾರದ ಹೊಣೆಯಿಂದ ತಪ್ಪಿಸಿಕೊಳ್ಳುವುದು ಅದರ ಉದ್ದೇಶವಾಗಿತ್ತೆಂದು ಸಂಘದ ಮುಖ್ಯಾಧಿಕಾರಿಯಾಗಿದ್ದ ವಾಲ್ಟರ್ ಬೈಯರ್ಸನೇ 1995ರ ತನ್ನ ಪುಸ್ತಕದಲ್ಲಿ ಬರೆದಿದ್ದಾನೆ. 1973ರಲ್ಲಿ ಆಟಗಾರರ ವಿದ್ಯಾರ್ಥಿವೇತನವನ್ನು ಒಂದೊಂದು ವರ್ಷಕ್ಕೆ ಮಾತ್ರ ಕೊಡುವಂತೆ ನಿಯಮ ಮಾಡಿದರು. ಎಂದರೆ, ಆಡುವ ಶಕ್ತಿ ಕುಂದಿದರೆ ಮುಂದಿನ ವರ್ಷದ ಓದಿಗೂ ಭರವಸೆಯಿಲ್ಲ. ಹಲವು ವರ್ಷಗಳಿಗೆ ಒಟ್ಟಾಗಿ ಮಾತು ಕೊಡಲು ಮತ್ತೆ ಅವಕಾಶವಾದುದು ಸುಮಾರು 40 ವರ್ಷಗಳ ಮೇಲೆ.

ನಿಯಮ ಮುರಿದವರಿಗೆ ಕೊಟ್ಟ ಶಿಕ್ಷೆಯಾದರೂ ತಕ್ಕವರ ಮೇಲೆ ಬಿದ್ದಿತೆ? ಟೆಕ್ಸಾಸಿನ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದ ಆಟಗಾರರಿಗೆ ಗುಟ್ಟಾಗಿ ಹಣ ಕೊಡುತ್ತಿದ್ದರೆಂದು 1987ರ ಇಡೀ ವರ್ಷದ ಫುಟ್‌ಬಾಲ್ ಪಂದ್ಯಗಳನ್ನು ಸಂಘವು ರದ್ದು ಮಾಡಿತು. ಹಣ ಕೊಡುವುದನ್ನು ಮುಂದುವರಿಸಲು ಒಪ್ಪಿದವರಲ್ಲಿ ಆ ವಿಶ್ವವಿದ್ಯಾಲಯದ ಆಡಳಿತ ಮಂಡಲಿಯ ಅಧ್ಯಕ್ಷನೇ ಇದ್ದ. ಆ ಹೊತ್ತಿಗೆ ಅವನು ಟೆಕ್ಸಾಸಿನ ಗವರ್ನರನೂ ಆಗಿದ್ದ. ಒಂದು ಕಾಸನ್ನೂ ಮುಟ್ಟದಿದ್ದ ಹುಡುಗರು ಆಡುವ ಮೈದಾನವಿಲ್ಲದೆ ಚದುರಿಹೋದರು. ಕಡೆಗೆ ಕಟ್ಟೆ ಒಡೆಯಿತು. 2021ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯದ 9 ಮಂದಿ ನ್ಯಾಯಾಧೀಶರೂ ಒಮ್ಮತದಿಂದ, ಆಟಗಾರರ ಶಿಕ್ಷಣಕ್ಕೆ ಸಂಬಂಧಪಟ್ಟ ಸೌಲಭ್ಯಗಳಿಗೆ ಸಂಘವು ಹಾಕಿದ್ದ ಮಿತಿಗಳು ಕಾನೂನಿಗೆ ವಿರುದ್ಧವೆಂದು ತೀರ್ಪಿತ್ತರು. ಅದೇ ವರ್ಷ, ತಮ್ಮ ಹೆಸರು ಮತ್ತು ಚಿತ್ರಗಳಿಂದ ಆಟಗಾರರು ಹಣ ಸಂಪಾದಿಸಬಹುದೆಂದಾಯಿತು. 2025ರ ಜೂನ್ ತಿಂಗಳಲ್ಲಿ ಒಪ್ಪಿಗೆಯಾದ ರಾಜಿಯಂತೆ ಒಂದೊಂದು ಕಾಲೇಜೂ ವರ್ಷಕ್ಕೆ ಸುಮಾರು 2 ಕೋಟಿ ಡಾಲರುಗಳವರೆಗೆ ತನ್ನ ಆಟಗಾರರಿಗೆ ನೇರವಾಗಿ ಹಂಚಬಹುದು. ಊಟದ ದುಡ್ಡು ಕೊಟ್ಟರೆ ಅಪರಾಧವಾಗಿದ್ದ ದೇಶ ಈಗ ಸಂಬಳದ ಅಂಚಿಗೆ ಬಂದು ನಿಂತಿದೆ.

ಒಂದು ತುದಿ ಬರಿಯ ನಿಷೇಧ. ಇನ್ನೊಂದು ತುದಿ ಬರಿಯ ವ್ಯಾಪಾರ. ನಮಗೆ ಇವೆರಡೂ ಬೇಡ. ನಮ್ಮಲ್ಲಿಯೇ ಒಂದು ಹಳೆಯ ಅಳತೆ ಇದೆ. ಬಡ ವಿದ್ಯಾರ್ಥಿಗೆ ಅನ್ನ ಹಾಕುವುದು ನಮ್ಮ ಜನರಲ್ಲಿ ಎಂದೂ ಅಕ್ರಮವೆನಿಸಿದ್ದಿಲ್ಲ. ವಾರದ ಏಳು ದಿನ ಏಳು ಮನೆಗಳಲ್ಲಿ ಉಂಡು ಓದಿ ದೊಡ್ಡವರಾದವರ ವಿಷಯವನ್ನು ನಾವೆಲ್ಲರೂ ಕೇಳಿದ್ದೇವೆ. ವಾರಾನ್ನ ಉಂಡನೆಂದು ಯಾರ ಪದವಿಯನ್ನೂ ಯಾರೂ ಹಿಂದಕ್ಕೆ ಕೇಳಲಿಲ್ಲ. ಸಿದ್ಧಗಂಗೆಯಂಥ ಮಠಗಳಲ್ಲಿ ಸಾವಿರಾರು ಮಕ್ಕಳು ಉಂಡು, ಮಲಗಿ, ಓದಿದ್ದಾರೆ. ಗರಡಿಯಲ್ಲಿಯೂ ಹಾಗೆಯೇ. ಪೈಲ್ವಾನನ ಹಾಲು, ತುಪ್ಪ, ಬಾದಾಮಿಗಳನ್ನು ಊರಿನವರೂ ಅರಮನೆಯವರೂ ಒದಗಿಸಿದರು. ಉಂಡ ತುಪ್ಪಕ್ಕಾಗಿ ಅವನು ಗೆದ್ದ ಕುಸ್ತಿ ಸುಳ್ಳಾಗಲಿಲ್ಲ. ಇಂದಿನ ಸರ್ಕಾರಗಳೂ ಇದೇ ದಾರಿಯಲ್ಲಿವೆ. ಖೇಲೋ ಇಂಡಿಯಾ ಯೋಜನೆಯಲ್ಲಿ ಆಯ್ಕೆಯಾದ ತರುಣ ಆಟಗಾರರಿಗೆ ತಿಂಗಳಿಗೆ 10,000 ರೂಪಾಯಿ ಕೈಖರ್ಚಿಗೆ ಗೊತ್ತಾಗಿದೆ. ತಿರುಮಕೂಡಲು ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಎಂಬವರು 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲನೆಯ ಖೋ ಖೋ ವಿಶ್ವಕಪ್ಪನ್ನು ಗೆದ್ದ ಭಾರತದ ಮಹಿಳೆಯರ ತಂಡದಲ್ಲಿ ಆಡಿದರು. ರಾಜ್ಯ ಸರ್ಕಾರ ಅವರಿಗೆ 5 ಲಕ್ಷ ರೂಪಾಯಿಗಳ ಬಹುಮಾನವನ್ನು ಸಾರಿತು. ಎಲ್ಲರ ಎದುರಿಗೆ ಸಾರಿದ ಬಹುಮಾನದಿಂದ ಆಟಕ್ಕೆ ಮೈಲಿಗೆಯಾಯಿತೆಂದು ಯಾರೂ ಹೇಳಲಾರರು.

ಹಾಗಾದರೆ ಯಾವುದು ಅಕ್ರಮ? ನಮ್ಮ ಭಾಷೆಯಲ್ಲಿ ಅನ್ನ ಬೇರೆ, ಆಮಿಷ ಬೇರೆ. ಆಮಿಷವೆಂದರೆ ಮೂಲದಲ್ಲಿ ಮಾಂಸ; ಗಾಳಕ್ಕೆ ಸಿಕ್ಕಿಸಿ ಮೀನಿಗೆ ತೋರಿಸುವ ತುಣುಕು. ಮೀನಿನ ಹಸಿವಿಗೆ ಎರಡೂ ಒಂದೇ. ಒಂದರೊಳಗೆ ಮಾತ್ರ ಕೊಕ್ಕೆ ಇದೆ. ಆದಕಾರಣ ಎಷ್ಟು ಕೊಟ್ಟರು ಎಂದು ಕೇಳುವುದಕ್ಕಿಂತ, ಕೊಟ್ಟುದಕ್ಕೆ ಪ್ರತಿಯಾಗಿ ವಿದ್ಯಾರ್ಥಿಯಿಂದ ಏನನ್ನು ಕಿತ್ತುಕೊಂಡರು ಎಂದು ಕೇಳುವುದೇ ಸರಿಯಾದ ಪರೀಕ್ಷೆ.

ಹೊನ್ನೂರಿನ ಒಬ್ಬ ಕೂಲಿಕಾರನ ಮಗನನ್ನು ಊಹಿಸಿಕೊಳ್ಳೋಣ. ಕಬಡ್ಡಿಯಲ್ಲಿ ಬಹಳ ಚುರುಕು. ಪಟ್ಟಣದ ಕಾಲೇಜೊಂದರಲ್ಲಿ ಸೇರಿದ. ಬೆಳಗ್ಗೆ ಆರು ಗಂಟೆಗೆ ಅಭ್ಯಾಸ. ಊರಿನಿಂದ ಬಸ್ಸಿನಲ್ಲಿ ಬಂದು ಆ ಹೊತ್ತಿಗೆ ಮುಟ್ಟುವಂತಿಲ್ಲ. ಆದುದರಿಂದ ಹಾಸ್ಟೆಲಿನಲ್ಲಿ ಜಾಗ ಬೇಕು. ಆಡುವವನ ಹೊಟ್ಟೆಗೆ ಎರಡು ಮುದ್ದೆಯ ಜೊತೆಗೆ ಹಾಲು, ಮೊಟ್ಟೆಗಳೂ ಬೇಕು. ಕಾಲಿಗೆ ಬೂಟು ಬೇಕು. ನಾಟಿಯ ಕಾಲದಲ್ಲಿ ಗದ್ದೆಗೆ ಇಳಿದರೆ ಸಿಗುವ ಕೂಲಿಯನ್ನು ಬಿಟ್ಟು ತರಬೇತಿಗೆ ನಿಂತರೆ ಮನೆಗೆ ಅಷ್ಟು ನಷ್ಟ. ಅವನ ಪಕ್ಕದಲ್ಲಿ ಆಡುವ ಸಿರಿವಂತರ ಮಗನಿಗೆ ಇದನ್ನೆಲ್ಲ ತಂದೆ ಕೊಡಿಸುತ್ತಾರೆ. ತಂದೆ ಕೊಟ್ಟುದನ್ನು ಯಾವ ನಿಯಮವೂ ಲೆಕ್ಕ ಕೇಳುವುದಿಲ್ಲ. ಹೊರಗಿನವರು ಏನನ್ನೂ ಕೊಡಬಾರದೆಂಬ ನಿಯಮ ಇಬ್ಬರಿಗೂ ಒಂದೇ ಎಂದು ತೋರಿದರೂ ತಟ್ಟುವುದು ಒಬ್ಬನಿಗೆ ಮಾತ್ರ. ಈ ಹುಡುಗನಿಗೆ ಫೀಜು, ವಸತಿ, ಊಟ, ಬೂಟುಗಳನ್ನು ಕಾಲೇಜು ಒದಗಿಸಿದರೆ ಅದು ಅನ್ನ. ಅದನ್ನು ಅಕ್ರಮವೆನ್ನುವುದು ಹೆನ್ಲೆಯ ಹಳೆಯ ನಿಯಮವನ್ನು ನಮ್ಮೂರಿಗೆ ತಂದಂತೆ.

ಆದರೆ ಎರಡನೆಯ ವರ್ಷ ಅವನ ಮೊಣಕಾಲು ಮುರಿಯಿತೆನ್ನಿ. ಮುಂದಿನ ಅವಧಿಯಿಂದ ಫೀಜು ಕಟ್ಟಬೇಕು, ಹಾಸ್ಟೆಲು ಬಿಡಬೇಕು ಎಂದು ಕಾಲೇಜಿನವರು ಹೇಳಿದರೆ, ಆ ಕ್ಷಣದಲ್ಲಿ ಹಿಂದೆ ಕೊಟ್ಟ ಅನ್ನವೆಲ್ಲ ಆಮಿಷವಾಗಿಬಿಡುತ್ತದೆ. ಒಳಗಿದ್ದ ಕೊಕ್ಕೆ ಕಾಣುತ್ತದೆ. ಇನ್ನೂ ಕೆಟ್ಟದೊಂದಿದೆ. ಕೆಲವು ಕಡೆ ಒಳ್ಳೆಯ ಆಟಗಾರನ ಹೆಸರನ್ನು ಯಾವುದೋ ಒಂದು ತರಗತಿಗೆ ಬರೆದುಕೊಳ್ಳುತ್ತಾರೆ. ಅವನು ತರಗತಿಯ ಬಾಗಿಲನ್ನು ಕಂಡಿರುವುದಿಲ್ಲ. ಪಟ್ಟಿಯಲ್ಲಿ ಮಾತ್ರ ಹಾಜರಿ ತುಂಬಿರುತ್ತದೆ. ಇದನ್ನು ಆಟಗಾರನ ಮೇಲಿನ ಪ್ರೀತಿಯೆಂದು ಕೆಲವು ಅಧ್ಯಾಪಕರು ಭಾವಿಸುತ್ತಾರೆ. ನನ್ನ ದೃಷ್ಟಿಯಲ್ಲಿ, ವಿದ್ಯಾರ್ಥಿಗೆ ಕೊಡಬಹುದಾದ ಅಕ್ರಮ ಲಾಭಗಳಲ್ಲೆಲ್ಲ ಇದಕ್ಕಿಂತ ಹಾನಿಕರವಾದುದು ಬೇರೊಂದಿಲ್ಲ. ಬೂಟು ಪಡೆದವನು ಏನನ್ನೂ ಕಳೆದುಕೊಳ್ಳುವುದಿಲ್ಲ. ಓದದೆ ಹಾಜರಿ ಪಡೆದವನು ಮೂರು ವರ್ಷಗಳನ್ನು ಕಳೆದುಕೊಳ್ಳುತ್ತಾನೆ. 25ನೆಯ ವಯಸ್ಸಿಗೆ ನಿಯಮ ಅವನನ್ನು ಮೈದಾನದಿಂದ ಹೊರಕ್ಕೆ ಕಳುಹಿಸುತ್ತದೆ. ಆಗ ಅವನ ಕೈಯಲ್ಲಿ ನಾಲ್ಕು ಪದಕಗಳು ಇರುತ್ತವೆ, ವಿದ್ಯೆ ಇರುವುದಿಲ್ಲ.

ಆದಕಾರಣ ಮಾಡಬೇಕಾದುದು ಏನು? ಮೊದಲನೆಯದಾಗಿ, ಆಟಗಾರನಿಗೆ ಯಾರು ಏನನ್ನು ಕೊಟ್ಟರೂ ಅದು ಕಾಲೇಜಿನ ಲೆಕ್ಕದ ಪುಸ್ತಕದಲ್ಲಿ ಬರೆದಿರಬೇಕು; ಬರೆಯಲು ನಾಚಿಕೆಪಡಬೇಕಾದುದನ್ನು ಕೊಡಕೂಡದು. ಎರಡನೆಯದಾಗಿ, ಕೊಟ್ಟ ಮಾತು ಪದವಿ ಮುಗಿಯುವವರೆಗೆ ನಡೆಯಬೇಕು. ಪೆಟ್ಟಾದರೆ ಚಿಕಿತ್ಸೆಯ ವೆಚ್ಚವೂ ಕಾಲೇಜಿನದೇ ಆಗಬೇಕು. ಮೂರನೆಯದಾಗಿ, ಪಂದ್ಯಕ್ಕೆ ಹೋದ ದಿನಗಳನ್ನು ಹಾಜರಿಯೆಂದು ಎಣಿಸುವುದು ನ್ಯಾಯ. ಆದರೆ ತಪ್ಪಿದ ಪಾಠವನ್ನು ಹಿಂತಿರುಗಿ ಬಂದ ಮೇಲೆ ಹೇಳಿಕೊಡುವುದೂ ನಡೆಯಬೇಕು. ನಾಲ್ಕನೆಯದಾಗಿ, ನಿಯಮದ ಭಾರ ಹುಡುಗರ ಮೇಲೆ ಎಷ್ಟಿದೆಯೋ ಅಧಿಕಾರಿಗಳ ಮೇಲೂ ಅಷ್ಟಿರಬೇಕು. 2025ರ ಜುಲೈ ತಿಂಗಳಲ್ಲಿ ಜರ್ಮನಿಯಲ್ಲಿ ನಡೆದ ಜಾಗತಿಕ ವಿಶ್ವವಿದ್ಯಾಲಯ ಕ್ರೀಡೆಗಳಿಗೆ ನಮ್ಮ ಬ್ಯಾಡ್ಮಿಂಟನ್ ತಂಡದಲ್ಲಿ 12 ಮಂದಿ ಹೋಗಿದ್ದರು. ಅವರೆಲ್ಲರೂ ಆಯ್ಕೆಯಾದ ಆಟಗಾರರು. ಅಧಿಕಾರಿಗಳು ಹೆಸರುಗಳನ್ನು ಸರಿಯಾಗಿ ಸಲ್ಲಿಸದೆ ಹೋದುದರಿಂದ 6 ಮಂದಿಗೆ ಆಡುವ ಅವಕಾಶವೇ ತಪ್ಪಿಹೋಯಿತು. ಉಳಿದವರು ಕಂಚಿನ ಪದಕವನ್ನು ಗೆದ್ದು ತಂದರೆಂಬುದು ಸಂತೋಷ. ಅಷ್ಟು ದೂರ ಹೋಗಿ ಆಡದೆ ಹಿಂತಿರುಗಿದವರ ನಷ್ಟವನ್ನು ಆ ಪದಕ ತುಂಬಲಾರದು.

ಸಹಾಯಕ್ಕೆ ಬಾಗಿಲು ತೆರೆದರೆ ಹಣವುಳ್ಳ ಕಾಲೇಜುಗಳು ಒಳ್ಳೆಯ ಆಟಗಾರರನ್ನೆಲ್ಲ ಕೊಂಡುಬಿಡುತ್ತವೆ ಎಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪಣೆಯಲ್ಲಿ ಸತ್ಯವಿದೆ. ಅಮೆರಿಕ ಈಗ ಆ ಅಪಾಯದ ನಡುವೆಯೇ ಇದೆ. ಅದಕ್ಕಾಗಿಯೇ ಸಹಾಯಕ್ಕೆ ಒಂದು ಎಲ್ಲೆ ಬೇಕು: ಓದುವುದಕ್ಕೂ ಆಡುವುದಕ್ಕೂ ಏನು ಅವಶ್ಯವೋ ಅದನ್ನು ಕೊಡಬಹುದು, ಕಾಲೇಜನ್ನು ಬಿಟ್ಟು ಬಾ ಎಂದು ಕರೆಯುವುದಕ್ಕಾಗಿ ಕೊಡುವ ಹಣ ಕೂಡದು. ಈ ಎಲ್ಲೆಯನ್ನು ಕಾಯುವುದು ಸುಲಭವಲ್ಲ. ಆದರೆ ಕತ್ತಲೆಯಲ್ಲಿ ನಡೆಯುವ ವ್ಯಾಪಾರಕ್ಕಿಂತ ಬೆಳಕಿನಲ್ಲಿ ಕೊಟ್ಟ ಅನ್ನವನ್ನು ಕಾಯುವುದು ಸುಲಭ.

ಕಾಲೇಜಿನ ತಂಡ ಗೆಲ್ಲುವುದು ಒಳ್ಳೆಯದೇ. ಪಾರಿತೋಷಕ ಪ್ರಿನ್ಸಿಪಾಲರ ಕೋಣೆಯಲ್ಲಿ ಹೊಳೆಯುವುದೂ ಒಳ್ಳೆಯದೇ. ಆದರೆ ಪಾರಿತೋಷಕ ಕಾಲೇಜಿನಲ್ಲಿ ಉಳಿಯುತ್ತದೆ, ಹುಡುಗ ಊರಿಗೆ ಹೋಗುತ್ತಾನೆ. ಹೋಗುವಾಗ ತನ್ನ ಪದವಿಯನ್ನೂ, ಅದನ್ನು ತಾನೇ ಓದಿ ಸಂಪಾದಿಸಿದೆನೆಂಬ ಧೈರ್ಯವನ್ನೂ ಅವನು ಕೊಂಡೊಯ್ದರೆ, ಅವನಿಗೆ ಹಾಕಿದ ಅನ್ನ ಸಾರ್ಥಕವಾಯಿತೆಂದು ನಾವು ತಿಳಿಯಬಹುದು.